ನಾಲ್ಕನೆಯ ಸಾಲು

ಹೊಳೆನರಸೀಪುರ
೯ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ದಿವ್ಯಾ,

ಅಪ್ಪನ ಆಶೀರ್ವಾದ. ನೀನು, ಅಳಿಯ ಧರ್ಮೇಂದ್ರ ಇಬ್ಬರೂ ಹುಬ್ಬಳ್ಳಿಯಲ್ಲಿ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. "ಏನಾಯಿತಪ್ಪ?" ಎಂದು ನೀನು ಎರಡು ಸಲ ಮೆಸೇಜು ಹಾಕಿದರೂ "ಎಲ್ಲ ಸರಿಹೋಯಿತು, ಬರೆಯುತ್ತೇನೆ" ಎಂದಷ್ಟೇ ಹೇಳಿ ಸುಮ್ಮನಾದೆ. ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಬೆರಳಾಡಿಸಿ ಮುಗಿಸುವಂಥ ವಿಷಯವಲ್ಲ ಇದು. ವಾರವೆಲ್ಲ ಕೆಲಸವೂ ಇತ್ತು. ಇವತ್ತು ರಜೆ, ನಾರಿನ ಯಂತ್ರ ನಿಂತಿದೆ, ಪೇಪರು ಓದಿ ಮುಗಿದಿದೆ, ನಿನ್ನ ಚಿಕ್ಕಪ್ಪ ನಟರಾಜ ಮದುವೆ ಊಟಕ್ಕೆಂದು ರಾಮನಾಥಪುರಕ್ಕೆ ಹೋಗಿದ್ದಾನೆ. ಅದಕ್ಕೇ ಪೆನ್ನು ಹಿಡಿದು ಕೂತೆ.

ನೀನು ಕಲಿಸಿದಂತೆ ಮುಖ್ಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಾಸನದ ನರ್ಸರಿಯವರು ನಮ್ಮನ್ನು ಕೈಬಿಡಲಿಲ್ಲ. ಶುಕ್ರವಾರ ಹೊಸ ಲೋಡು ಹೋಯಿತು. ಲಾರಿ ಗೇಟು ದಾಟಿದ ಮೇಲೆ ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಒಂದು ಲೋಟ ನೀರು ಕುಡಿದೆ. ಎಷ್ಟೋ ದಿನದ ಮೇಲೆ ನೀರು ರುಚಿಯಾಗಿತ್ತು.

ಈಗ ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ನಾರು ತೆಗೆದ ಮೇಲೆ ಉಳಿಯುವ ತೆಂಗಿನ ಸಿಪ್ಪೆಯ ಪುಡಿಯನ್ನು ಎರಡು ಸಲ ತೊಳೆದು, ಉಪ್ಪು ಬಿಡಿಸಿ, ಒಣಗಿಸಿ ಕಳಿಸುವುದು ನಮ್ಮ ಕಸುಬು. ಅದು ನಿನಗೆ ಗೊತ್ತೇ ಇದೆ. ಹಾಸನದವರು ಆ ಪುಡಿಯನ್ನು ಟ್ರೇಗಳಿಗೆ ತುಂಬಿ ಟೊಮೇಟೊ, ಮೆಣಸಿನ ಸಸಿ ಬೆಳೆಸಿ ರೈತರಿಗೆ ಮಾರುತ್ತಾರೆ. ಈ ಸಲ ನಮ್ಮ ಪುಡಿಯಲ್ಲಿ ಬೆಳೆದ ಸಸಿಗಳ ಎಲೆಯಂಚು ಸುಟ್ಟಂತಾಗಿ, ಟ್ರೇಗಟ್ಟಲೆ ಮುರುಟಿಹೋದವು.

ಅಲ್ಲಿನ ಮ್ಯಾನೇಜರ್ ಮೋಹನ್‌ಕುಮಾರ್ ಫೋನು ಮಾಡಿದರು. ನಾನು ಸಮಾಧಾನ ಹೇಳಲು ಶುರುಮಾಡಿದರೆ ತಡೆದರು. "ಬಾಯಲ್ಲಿ ಏನೂ ಹೇಳ್ಬೇಡಿ ರುದ್ರಯ್ಯನೋರೆ. ಬರೆದು ಕೊಡಿ. ಕನ್ನಡದಲ್ಲೇ ಬರೀರಿ, ಒಂದು ಪುಟ ಸಾಕು. ಸೋಮವಾರ ನಮ್ಮ ಸಾಹೇಬ್ರ ಮುಂದೆ ಇಡ್ಬೇಕು. ಇಲ್ದಿದ್ರೆ ಅವ್ರು ಬೇರೆಯೋರ್ನ ನೋಡ್ಕೋತಾರೆ." ನಮ್ಮ ಮಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಅವರಿಗೇ. ಅದು ನಿಂತರೆ, ಹರದನಹಳ್ಳಿಯಿಂದ ಆಟೋದಲ್ಲಿ ಬರುವ ಮಾರಮ್ಮನಿಗೂ ಅವಳ ಜೊತೆಯ ಹೆಂಗಸರಿಗೂ ನಾಳೆಯಿಂದ ಬರಬೇಡಿ ಎನ್ನಬೇಕಿತ್ತು. ಅದನ್ನು ಹೇಗೆ ಹೇಳುವುದು ಎಂದು ಯೋಚಿಸುತ್ತಲೇ ನನಗೆ ಎರಡು ದಿನ ಊಟ ಸೇರಲಿಲ್ಲ.

ಪತ್ರ ಬರೆಯುವ ಕೆಲಸವನ್ನು ನಟರಾಜ ತಾನೇ ವಹಿಸಿಕೊಂಡ. ತಾಲ್ಲೂಕು ಕಚೇರಿಗೆ ಅರ್ಜಿ ಬರೆದು ಬರೆದು ಕೈ ಪಳಗಿದವನು. ಹೀಗೆ ಶುರುಮಾಡಿದ್ದ: "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕಳಕಳಿಯಿಂದ ಕೇಳಿಕೊಳ್ಳುವುದೇನೆಂದರೆ, ನಾವು ತೀರಾ ಬಡಕುಟುಂಬಕ್ಕೆ ಸೇರಿದವರಾಗಿದ್ದು, ಈ ಉದ್ಯಮವನ್ನೇ ನಂಬಿಕೊಂಡು ಜೀವನ ಸಾಗಿಸುತ್ತಿದ್ದು..." ಅಲ್ಲಿಂದ ಅಕಾಲ ಮಳೆ, ಕರೆಂಟಿನ ತೊಂದರೆ, ನನ್ನ ಸಕ್ಕರೆ ಕಾಯಿಲೆ, ಎಲ್ಲ ಬಂದವು. ಸಸಿಯ ಮಾತು ಮಾತ್ರ ಬರಲಿಲ್ಲ.

"ಲೇ, ಬಡಕುಟುಂಬ ಅಂತೀಯಲ್ಲೋ! ಹೋದ ವರ್ಷ ಹೊಸ ಟ್ರ್ಯಾಕ್ಟರಿಗೆ ಹೂವು ಕಟ್ಕಂಡು ಊರೆಲ್ಲ ಸುತ್ತಿದ್ದು ಯಾರು?" ಎಂದೆ.

"ಅದಿರ್ಲಿ ಬುಡಣ್ಣ. ಅರ್ಜಿ ಅಂದ್ಮೇಲೆ ಅಂಗೇ ಬರೀಬೇಕು. ಓದ್ದೋರ ಕರ್ಳು ಚುರುಕ್ ಅನ್ಬೇಕು."

ಅದನ್ನೇ ಫೋಟೊ ತೆಗೆದು ಕಳಿಸಿದೆವು. ಶನಿವಾರ ಮಧ್ಯಾಹ್ನ ಉತ್ತರ ಬಂತು: "ಓದಿದೆ. ಏನಾಯಿತು ಅನ್ನೋದೇ ಇದರಲ್ಲಿಲ್ಲ." ಆಗಲೇ ನಾನು ನಿನಗೆ ಫೋನು ಮಾಡಿದ್ದು. ನೀನು ನಿಮ್ಮ ವಿಮಾ ಕಚೇರಿಗೆ ಹೊಸದಾಗಿ ಸೇರಿದವರಿಗೆ ಪತ್ರ ಬರೆಯುವುದನ್ನು ಕಲಿಸುತ್ತಾ ಇದ್ದೆ. ಪತ್ರ ಹೇಗೆ ಬರೆಯಲಿ ಎಂದು ನಾನು ಕೇಳಿದ್ದಕ್ಕೆ, ಹೆಚ್ಚು ಮಾತಾಡಲು ಆಗದೆ ನೀನು ಮೆಸೇಜು ಹಾಕಿದೆ: "ಏನಾಯಿತು? ಈಗ ಹೇಗಿದೆ? ಓದುವವರು ಏನು ಮಾಡಬೇಕು? ಈ ಮೂರು ಸಾಲು ಬರೆದರೆ ಸಾಕಪ್ಪ."

ಅದನ್ನು ಓದಿ ಬೆಳಗಿನ ಪೇಪರು ಎತ್ತಿಕೊಂಡೆ. ನಲವತ್ತು ವರ್ಷದಿಂದ ದಿನವೂ ಓದುತ್ತಿದ್ದರೂ ಸುದ್ದಿ ಹೇಗೆ ಶುರುವಾಗುತ್ತದೆಂದು ಗಮನಿಸಿರಲಿಲ್ಲ. ಚನ್ನರಾಯಪಟ್ಟಣದ ಹತ್ತಿರ ಲಾರಿ ಮಗುಚಿದ ಸುದ್ದಿಯಿತ್ತು. ನಟರಾಜನಿಗೆ ತೋರಿಸಿದೆ. "ನೋಡು, ಮೊದಲ ಸಾಲಲ್ಲೇ ಲಾರಿ ಮಗುಚಿದೆ. ನೀನಾಗಿದ್ರೆ ಡ್ರೈವರ್ ಯಾವ ಮನೆತನದೋನು, ಅವನ ತಾತ ಹೆಂಗಿದ್ದ ಅನ್ನೋದ್ರಿಂದ ಶುರುಮಾಡ್ತಿದ್ದೆ. ಮೂರು ಪುಟ ಆದ್ರೂ ಲಾರಿ ಮಗುಚ್ತಾ ಇರ್ಲಿಲ್ಲ." ಅವನೂ ನಕ್ಕ. ಆಮೇಲೆ ನಾನು ಪೆನ್ನು ತೆಗೆದು, "ಸರಿ, ಹೇಳು. ಏನಾಯ್ತು?" ಎಂದೆ.

ಅವನ ಮುಖ ಇಳಿಯಿತು.

"ಎರಡ್ನೇ ಸಲ ತೊಳೀಲಿಲ್ಲ ಕಣಣ್ಣ. ಮೋಟ್ರು ಸುಟ್ಟೋಗಿತ್ತಲ್ಲ, ಅವತ್ತೇಯ. ನೀನು ಸಿಪ್ಪೆ ನೋಡಕೆ ಅರಕಲಗೂಡಿಗೆ ಓಗಿದ್ದೆ. ಲಾರಿ ಬಂದು ನಿಂತ್ಬುಟ್ಟಿತ್ತು, ಡ್ರೈವರು ಆರನ್ ಒಡೀತಾವ್ನೆ. ಏನಾದದು ಬುಡು ಅಂತ ತುಂಬಿಸ್ಬುಟ್ಟೆ."

ಅರ್ಜಿ ಯಾಕೆ ಅಷ್ಟುದ್ದ ಆಗಿತ್ತೆಂದು ಆಗ ತಿಳಿಯಿತು. ಬಯ್ಯಬೇಕೆನಿಸಿತು, ಬಯ್ಯಲಿಲ್ಲ. ಅವನೇ ಅರ್ಧ ಆಗಿಹೋಗಿದ್ದ. "ಎರಡನೆಯ ಸಲ ತೊಳೆಯಲು ಸಾಧ್ಯವಾಗಿರುವುದಿಲ್ಲ ಅಂತ ಬರಿಯಣ್ಣ" ಎಂದ. ಬೇಡ, ತೊಳೆಯದೆ ಕಳಿಸಿದವರು ನಾವು, ಹಾಗೇ ಬರೆಯೋಣ ಎಂದೆ. "ಅಂಗೆ ಬರುದ್ರೆ ನಮ್ ಕತೆ ಮುಗೀತು" ಎಂದ. ಮುಗಿದರೂ ಮುಗಿಯಬಹುದು ಎಂದು ನನಗೂ ಭಯವಿತ್ತು. ಬರೆದದ್ದು ಇಷ್ಟು:

"ಫೆಬ್ರವರಿಯ ಲೋಡನ್ನು ನಾವು ಒಂದೇ ಸಲ ತೊಳೆದು ಕಳಿಸಿದೆವು. ಮೋಟಾರು ಸುಟ್ಟಿತ್ತು, ಅದನ್ನು ನಿಮಗೆ ತಿಳಿಸಲಿಲ್ಲ. ಈಗ ಚನ್ನರಾಯಪಟ್ಟಣದಲ್ಲಿ ಮೋಟಾರು ರಿಪೇರಿಯಾಗಿ ಬಂದಿದೆ, ಕೆಟ್ಟರೆ ಬದಲಿಗೆಂದು ಇನ್ನೊಂದನ್ನೂ ಇಟ್ಟುಕೊಂಡಿದ್ದೇವೆ. ಉಳಿದ ಹಳೆಯ ಮಾಲನ್ನು ನಮ್ಮ ಗಾಡಿಯಲ್ಲೇ ವಾಪಸು ತರುತ್ತೇವೆ. ಮುಂದಿನ ಲೋಡನ್ನು ನಿಮ್ಮವರು ಇಲ್ಲಿಗೇ ಬಂದು ಪರೀಕ್ಷೆ ಮಾಡಿದ ಮೇಲೆ ತುಂಬಿಸುವುದಕ್ಕೆ ಒಪ್ಪಿಗೆ ಕೊಡಿ."

ಗಟ್ಟಿಯಾಗಿ ಓದಿದೆ. ಕೂಲಿ ಲೆಕ್ಕಕ್ಕೆಂದು ಬಾಗಿಲಲ್ಲಿ ನಿಂತಿದ್ದ ಮಾರಮ್ಮ ಕೇಳಿಸಿಕೊಂಡಳು.

"ಅಷ್ಟೇಯಾ ಯಜಮಾನ್ರೆ? ಸಸಿ ಸತ್ತೋದ್ವು ಅಂತೀರ. ಅವುನ್ನ ದಿನಾ ನೀರಾಕಿ ಸಾಕ್ದೋರು ಇರ್ತಾರಲ್ಲ. ಅವ್ರನ್ನ ಒಂದ್ ಮಾತು ಕೇಳಬ್ಯಾಡ್ವಾ?"

"ಅದು ದಿವ್ಯಾ ಕೊಟ್ಟ ಮೂರ್ ಸಾಲ್ನಾಗೆ ಇಲ್ಲ ಕಣಮ್ಮ" ಎಂದ ನಟರಾಜ.

"ಇಲ್ದಿದ್ರೆ ಸೇರ್ಸ್ಕಳಿ ಸಾಮಿ. ಸಾಲಿಗೇನು ಬರ ಬಂದದಾ?"

ಅವಳ ಮಾತಿಗೆ ಸೇರಿಸಿದೆ: "ಆ ಸಸಿಗಳನ್ನು ನೋಡಿಕೊಂಡವರಿಗೆ ಎಷ್ಟು ಸಂಕಟವಾಗಿರಬೇಕೆಂದು ನೆನೆದು ನಮಗೂ ನೋವಾಗಿದೆ. ಅವರಿಗೆ ತಿಳಿಸಿ."

ಭಾನುವಾರ ಕಳಿಸಿದೆವು. ಸೋಮವಾರ ಫೋನು ಬರಲಿಲ್ಲ. ನಟರಾಜ ಗೇಟಿಗೂ ಮನೆಗೂ ತಿರುಗಿದ. ಮಂಗಳವಾರ ಬೈಕಿನ ಸದ್ದಾಯಿತು, ನೋಡಿದರೆ ಮೋಹನ್‌ಕುಮಾರ್. ಕೈಯಲ್ಲಿ ಉಪ್ಪಿನಂಶ ಅಳೆಯುವ ಪೆನ್ನಿನಂಥ ಮೀಟರು. ಬಂದವರೇ ಹೊಸ ರಾಶಿಯ ಬುಡದಿಂದ, ಮೇಲಿನಿಂದ, ನಡುವಿನಿಂದ ಪುಡಿ ತೆಗೆದು ನೀರಲ್ಲಿ ಕಲಸಿ ನೋಡಿದರು. ನೋಡಿ ಮೀಟರು ಜೇಬಿಗಿಟ್ಟು, "ಕಾಫಿ ಇದ್ಯಾ?" ಎಂದರು. ಅಷ್ಟು ಕೇಳಿದ್ದೇ ನಟರಾಜ ಒಳಕ್ಕೆ ಓಡಿದ.

ಕಾಫಿ ಕುಡಿಯುತ್ತಾ ಹೇಳಿದರು: "ಪತ್ರಾನ ಸಾಹೇಬ್ರು ಓದಿ, ಹೋಗಿ ಪರೀಕ್ಷೆ ಮಾಡಿ, ಸರಿಯಿದ್ರೆ ತಗೊಳ್ಳಿ ಅಂದ್ರು. ಕೊನೇ ಸಾಲನ್ನ ನಾನು ನಮ್ಮ ಶೆಡ್ಡಿನ ಹೆಂಗಸ್ರಿಗೆ ಓದಿ ಹೇಳ್ದೆ. ಅವ್ರಲ್ಲಿ ಒಬ್ಬಾಕೆ, ಕೇಳ್ದೋರು ಇವ್ರೊಬ್ರೇ ಅಂತ ಸೆರಗಲ್ಲಿ ಕಣ್ಣೊರಸ್ಕೊಂಡ್ಳು."

ಮಾರಮ್ಮನಿಗೆ ಹೇಳಿದೆ. "ಮತ್ತೆ? ನಾನು ಏಳಿದ್ದು ಸುಮ್ನೆಯಾ?" ಎಂದು ಬುಟ್ಟಿ ಎತ್ತಿಕೊಂಡು ಹೋದಳು. ನಟರಾಜ ಈಗ ಎಲ್ಲದಕ್ಕೂ ನಿನ್ನ ಮೂರು ಸಾಲು ಹಿಡಿದಿದ್ದಾನೆ. ಮೊನ್ನೆ ಅವನ ಮಗಳು ಪ್ರೇಕ್ಷಾ ಪರೀಕ್ಷೆಗೆ ಓದದೆ ಟಿ.ವಿ. ಮುಂದೆ ಕೂತಿದ್ದಾಗ "ಏನಾಯ್ತು? ಈಗ ಎಂಗದೆ? ನಾನೇನು ಮಾಡ್ಬೇಕು?" ಎಂದ. "ನೀನು ಆಚೆ ಓಗ್ಬೇಕು" ಎಂದಳು.

ನೀನು ಕಲಿಸಿದ್ದು ನಮ್ಮೆಲ್ಲರ ಕೆಲಸ ಉಳಿಸಿತು ಮಗಳೇ. ನಿನಗೂ ಧರ್ಮೇಂದ್ರನಿಗೂ ದೇವರು ಆಯುಸ್ಸು, ಆರೋಗ್ಯ, ನೆಮ್ಮದಿ ಕೊಡಲಿ. ಬಿಸಿಲು ಏರುತ್ತಿದೆ, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಪ್ಪ,
ರುದ್ರಯ್ಯ

ಮರೆತ ಮಾತು: ಮರೆತದ್ದಲ್ಲ, ಕೊನೆಗೆ ಉಳಿಸಿಕೊಂಡದ್ದು. ಸಂಕ್ರಾಂತಿ ಕಳೆದ ಮೇಲೆ ನೀನು ಕಳಿಸಿದ್ದ ಮೆಸೇಜನ್ನು ಇವತ್ತು ಮತ್ತೆ ತೆಗೆದು ಓದಿದೆ. "ಅಪ್ಪ, ಮಗು ಉಳಿಯಲಿಲ್ಲ. ನಾನೀಗ ಹುಷಾರಾಗಿದ್ದೇನೆ. ನೀನು ಬರುವುದು ಬೇಡ." ಏನಾಯಿತು, ಈಗ ಹೇಗಿದೆ, ಓದುವವನು ಏನು ಮಾಡಬೇಕು, ಮೂರೂ ಇವೆ. ನಾನು "ಸರಿ ಮಗಳೇ, ಜೋಪಾನ" ಎಂದು ಬರೆದು, ನೀನು ಹೇಳಿದಂತೆಯೇ ಬಾರದೆ ಉಳಿದೆ. ನಿನ್ನ ಅಮ್ಮ ಬದುಕಿದ್ದಿದ್ದರೆ ಬೇಡವೆಂದರೂ ಹುಬ್ಬಳ್ಳಿ ಬಸ್ಸು ಹತ್ತುತ್ತಿದ್ದಳು. ಮಾರಮ್ಮ ಸೇರಿಸಿದಂಥ ನಾಲ್ಕನೆಯ ಸಾಲನ್ನು ನೀನು ಬರೆಯಲಿಲ್ಲ, ನಾನು ಕೇಳಲಿಲ್ಲ. ಯಾರದೋ ನರ್ಸರಿಯ ಸಸಿಗೆ ಕೇಳಿದವನು ನಿನ್ನನ್ನು ಕೇಳದೆ ಹೇಗಿರಲಿ? ಮುಂದಿನ ಶನಿವಾರ ಬರುತ್ತಿದ್ದೇನೆ. ಇದಕ್ಕೆ ನಿನ್ನ ಒಪ್ಪಿಗೆ ಕೇಳುತ್ತಿಲ್ಲ. ನನಗೆ ಹೇಳುವಾಗ ಮುಖ್ಯ ವಿಷಯ ಮೊದಲು ಬರಬೇಕೆಂದಿಲ್ಲ. ಡ್ರೈವರನ ತಾತನಿಂದಲೇ ಶುರುಮಾಡು. ನಾನು ಕೊನೆಯವರೆಗೂ ಕೇಳುತ್ತೇನೆ.