ಸೀಮೆಎಣ್ಣೆ ಹಾಕಿಟ್ಟ ಸೋಡಾ ಬಾಟಲಿ

೧೪-೫-೨೦೦೩, ಬುಧವಾರ

ಇವತ್ತು ನನ್ನ ನಾಲಿಗೆ ಕೆಟ್ಟ ಕೆಲಸ ಮಾಡಿತು. ಭಾನುವಾರ ಮೊಮ್ಮಗಳ ಹುಟ್ಟುಹಬ್ಬ. ಪ್ಲಾಸ್ಟಿಕ್ ಬಾಟಲಿ ನಮ್ಮ ಹೊಸಿಲು ದಾಟಕೂಡದು, ಚಾಮರಾಜಪುರಂ ಮಹದೇವಮ್ಮನ ಸೋಡಾನೇ ಆಗಬೇಕು ಎಂದು ಮನೆಯಲ್ಲಿ ಕೂಗಾಡಿದವನು ನಾನೇ. ಖಾಲಿ ಗಾಜಿನ ಬಾಟಲಿಗಳನ್ನು ವಾಪಸ್ ಕೊಡಲು ಹೋದೆ. ಆಕೆ ತೊಳೆಯುವ ಮುಂಚೆ ಒಂದೊಂದನ್ನೂ ಮೂಸಿ ನೋಡುತ್ತಾಳೆ. ಒಂದನ್ನು ಪಕ್ಕಕ್ಕಿಟ್ಟಳು.

"ಇದ್ರಲ್ಲಿ ಸೀಮೆಎಣ್ಣೆ ಹಾಕಿಟ್ಟಿದ್ರಾ ಯಜಮಾನ್ರೇ?"

"ನಾನ್ಯಾಕಮ್ಮ ಹಾಕ್ಲಿ? ಸೊಸೆ ಹಾಕಿರ್ಬೇಕು!"

ಕರೆಂಟ್ ಹೋದಾಗ ಲಾಂದ್ರಕ್ಕೆ ಬೇಕೆಂದು ತುಂಬಿಸಿಟ್ಟವನು ನಾನು.

"ಯಾರಾದ್ರೂ ಹಾಕ್ಲಿ ಬುಡಿ. ಇದ್ನ ತುಂಬ್ಸಿ ಕಳಿಸ್ಬುಟ್ರೆ ಯಾರ್ ಮಗು ಕುಡಿಯುತ್ತೋ" ಎಂದವಳೇ ಒಡಕು ಗಾಜಿನ ಡ್ರಮ್ಮಿಗೆ ಹಾಕಿ ಒಡೆದಳು. ನಷ್ಟ ಅವಳದೇ, ಆದರೂ ಮುಖ ಗಂಟು ಹಾಕಲಿಲ್ಲ. ಭಲೇ ಹೆಂಗಸು! ದೊಡ್ಡ ಕಂಪನಿಯವರು ಕುಡಿದು ಬಿಸಾಡಿ ಅನ್ನುತ್ತಾರೆ. ಇವಳು ಇಪ್ಪತ್ತು ವರ್ಷದ ಹಳೇ ಬಾಟಲಿಯನ್ನೂ ಕೂಸಿನ ಬಾಯಿ ತೊಳೆದ ಹಾಗೆ ತೊಳೆಯುತ್ತಾಳೆ.

ಊಟಕ್ಕೆ ಬಡಿಸುವಾಗ ಸೊಸೆ ನಿಶ್ಚಿತಾಳ ಮುಖ ನೋಡಲಾಗಲಿಲ್ಲ. ಶನಿವಾರ ಸೋಡಾ ತರಲು ಹೋಗುವವಳು ಅವಳೇ. ಮಹದೇವಮ್ಮ ಅವಳಿಗೆ ಬುದ್ಧಿ ಹೇಳುವ ಮೊದಲು ನಾನೇ ಹೋಗಿ ನಿಜ ಒಪ್ಪಿಕೊಳ್ಳಬೇಕು. ಬೆಳಿಗ್ಗೆ ಅಂಗಡಿ ತೆಗೆಯುವಷ್ಟರಲ್ಲಿ... ಅದಕ್ಕೂ ಮೊದಲು ಸೊಸೆಗೆ ಹೇಳಬೇಡವೇ? ಅಡುಗೆಮನೆ ದೀಪ ಇನ್ನೂ ಉರಿಯುತ್ತಿದೆ. ಎದ್ದೆ.