ತುಂಗಿಯ ಮುಖದ ಬಣ್ಣ

ಕುರ್ಚಿಯ ಮಹಾಜನರೇ, ಚಾಪೆಯ ಸಜ್ಜನರೇ, ಟಿಕೇಟು ತಪ್ಪಿಸಿ ಡೇರೆಯ ತೂತಿಗೆ ಕಣ್ಣಿಟ್ಟು ನಿಂತಿರುವ ಅಣ್ಣತಮ್ಮಂದಿರೇ, ಎಲ್ಲರೂ ಗದ್ದಲ ಮಾಡದೆ ಕೇಳಬೇಕು.

ಪೂಜ್ಯ ಮಾಸ್ತರರೇ, ಹೀಗೆ ಶುರುಮಾಡದಿದ್ದರೆ ನನಗೆ ಮಾತೇ ಹೊರಡುವುದಿಲ್ಲ, ನಿಮಗೆ ಗೊತ್ತಲ್ಲ. ಡೇರೆಯಲ್ಲಿ ಈಗ ಯಾರೂ ಇಲ್ಲ. ಹೊಸಪೇಟೆಯ ಬಿಸಿಲು ಖಾಲಿ ಕುರ್ಚಿಗಳ ಮೇಲೆ ಬಿದ್ದಿದೆ. ನಾನು ರಾಜನ ಸಿಂಹಾಸನದಲ್ಲಿ ಕಾಲು ಮಡಚಿ ಕೂತು ಬರೆಯುತ್ತಿದ್ದೇನೆ. ನೀವು ಕಣ್ಣು ಮುಚ್ಚಿ ಮೂರು ವರ್ಷವಾದ ಮೇಲೆ ಈಗೇಕೆ ಕಾಗದ ಎನ್ನುತ್ತೀರಾ? ನಮ್ಮ ತುಂಗಿಯನ್ನು ಸರ್ಕಾರದವರು ಕರೆದೊಯ್ದು ಎರಡು ತಿಂಗಳಾಯಿತು. ನಾಳೆ ಬಳ್ಳಾರಿಯಲ್ಲಿ ವಿಚಾರಣೆ. ಅವಳಿಗೆ ತಾಯಿ ಇದ್ದಾಳೆ, ಮನೆ ಇದೆ ಎಂದು ನಾವು ತೋರಿಸದೆ ಹೋದರೆ ಅವಳು ದೊಡ್ಡವಳಾಗುವವರೆಗೂ ಅಲ್ಲೇ...

ಕಂಪ್ಲಿಯಲ್ಲಿ ಕ್ಯಾಂಪು ಹಾಕಿದ್ದ ವರ್ಷ ನೆನಪಿದೆಯೇ? ನನ್ನ ತಂಗಿ ಗಂಗವ್ವ ಹೊಳೆ ದಂಡೆಯ ಛತ್ರದಲ್ಲಿ ಹೆತ್ತಳು. ಗಂಡ ಆಗಲೇ ತೀರಿಕೊಂಡಿದ್ದ. ಹೆಸರು ಹೇಳಲು ಸೋದರತ್ತೆ ಇಲ್ಲದ ಕೂಸು ಎಂದು ನೀವೇ ಬಾಗಿ ಅದರ ಕಿವಿಯಲ್ಲಿ ‘ತುಂಗಮ್ಮ’ ಎಂದು ಮೂರು ಸಲ ಹೇಳಿದಿರಿ. ಕೂಸು ಬೆಚ್ಚಿ ಅತ್ತಿತು.

“ಮೆಲ್ಲಕ ಹೇಳ್ರಿ ಮಾಸ್ತರ, ಕಿವುಡಿ ಆದಾಳು” ಎಂದಳು ಗಂಗವ್ವ.

“ನಾಟಕದವರ ಕೂಸವ್ವ. ಹೆಸರು ಹಿಂದಿನ ಸಾಲಿಗೂ ಕೇಳಬೇಕು” ಎಂದಿರಿ.

ನೀವು ನನಗೆ ಮೊದಲು ಬಣ್ಣ ಹಚ್ಚಿದ ದಿನ ನನಗಿನ್ನೂ ಮೀಸೆ ಬಂದಿರಲಿಲ್ಲ. ಪರದೆಯ ಆಚೆಯಿಂದ ನಮ್ಮ ಕಾಕಾ “ವಿರೂಪಣ್ಣ” ಎಂದು ಕರೆದ. ನಾನು ಓಗೊಟ್ಟೆ. ನಿಮ್ಮ ಕೈ ನನ್ನ ಬೆನ್ನ ಮೇಲೆ ಬಿತ್ತು. “ವಿರೂಪಣ್ಣ ಯಾವನಲೇ ಇಲ್ಲಿ? ಇಲ್ಲಿರಾಂವ ಸೇನಾಪತಿ.” ಅದು ನಿಮ್ಮ ನೇಮ: ಬಣ್ಣವಿರುವಷ್ಟು ಹೊತ್ತು ಸ್ವಂತ ಹೆಸರು ಹೇಳಬಾರದು, ಹಚ್ಚಿದ ಕೈಯೇ ಬಣ್ಣ ತೆಗೆಯಬೇಕು. ನಾಟಕ ಮುಗಿದ ಮೇಲೆ ನೀವು ಕೊಬ್ಬರಿ ಎಣ್ಣೆ ಸವರಿ, ಧೋತರದ ತುಂಡಿನಿಂದ ಒರೆಸಿ, ಕನ್ನಡಿ ಹಿಡಿದು “ಯಾರಪ್ಪ ನೀನು?” ಎಂದು ಕೇಳುತ್ತಿದ್ದಿರಿ. ಆಗಲಷ್ಟೇ ನಾನು ವಿರೂಪಣ್ಣನಾಗುತ್ತಿದ್ದೆ. ನೀವು ಕಲಿಸಿದ್ದನ್ನು ನಾನು ತುಂಗಿಗೆ ಕಲಿಸಿದೆ, ಒಂದಕ್ಷರ ಬಿಡದೆ. ಈ ವರ್ಷದ ಹೊಸ ನಾಟಕದಲ್ಲಿ ಅವಳಿಗೆ ಮೊದಲ ಪಾತ್ರ ಕೊಟ್ಟೆವು: ಕಾಡಿನಲ್ಲಿ ಬೆಳೆದ ಅನಾಥ ರಾಜಕುವರಿ ರತ್ನಮಾಲೆ.

ಅವಳು ಹೋದ ಮಧ್ಯಾಹ್ನವೂ ಇಂಥದೇ ಬಿಸಿಲು. ಬಣ್ಣ ಹಚ್ಚಿಸಿಕೊಳ್ಳುವವರು ಬಹಳವಿದ್ದರು, ಅವಳಿಗೆ ಬೇಗ ಹಚ್ಚಿ ಎಬ್ಬಿಸಿದೆ. ಮಂಡಕ್ಕಿ ತರುತ್ತೇನೆಂದು ಸ್ಟೇಷನ್ನಿನ ಕಡೆ ಓಡಿದವಳು ಬರಲಿಲ್ಲ. ಒಬ್ಬ ಅಧಿಕಾರಿ ಮತ್ತು ಒಬ್ಬ ಪೊಲೀಸು ಏನೇನೋ ಕೇಳಿ ಅವಳನ್ನು ರೈಲು ಹತ್ತಿಸಿದರೆಂದು ಹೂವಿನ ಹುಸೇನಬಿ ಹೇಳಿದಳು. ಠಾಣೆಗೆ ಓಡಿದೆ. ತುಂಗಮ್ಮ ಎಂಬ ಹುಡುಗಿಯ ಹೆಸರು ನಮ್ಮ ಪುಸ್ತಕದಲ್ಲೇ ಇಲ್ಲ ಎಂದರು. ಇಲ್ಲವೆಂದರೆ ಏನರ್ಥ? ಹಿಡಿದವರು ನಿಜವಾದ ಅಧಿಕಾರಿಗಳೋ, ವೇಷದವರೋ? ಎದುರು ಕಂಪನಿಯವರ ಕೈವಾಡವೇ? ಟಿಕೇಟಿನ ರಾಮಪ್ಪ ಅಂದು ನನ್ನ ಮುಖ ನೋಡದೆ ಊಟಮಾಡಿದ್ದೇಕೆ? ನನ್ನ ಅನುಮಾನ ಯಾರನ್ನೂ ಬಿಡಲಿಲ್ಲ.

ಹಾರ್ಮೋನಿಯಂ ಭೀಮರಾಯ ಬಂದು ಕಿವಿ ಕಚ್ಚಿದ: “ಮದ್ರಾಸ ಸರಕಾರದವರು ಕಾನೂನು ಮಾಡ್ಯಾರಂತೋ. ಮನಿ ಇಲ್ಲದವರ ಮಕ್ಕಳನ್ನ ಒಯ್ತಾರಂತ. ತಾಯಿ ಸಿಕ್ರ ಆಕಿನ್ನೂ ಒಳಗ ಹಾಕ್ತಾರಂತ.” ಡೇರೆಯನ್ನು ಮನೆ ಎಂದು ಯಾವ ಕಾನೂನು ಒಪ್ಪೀತು? ಮರುದಿನವೇ ಗಂಗವ್ವನನ್ನು ಸಂಡೂರಿಗೆ ಸಾಗಿಸಿದೆ. ಅದು ರಾಜರ ಸಂಸ್ಥಾನ, ಮದ್ರಾಸಿನ ಪೊಲೀಸರು ಅಲ್ಲಿ ಕಾಲಿಡುವಂತಿಲ್ಲ. ಅಳುತ್ತಲೇ ಗಾಡಿ ಹತ್ತಿದಳು. ನಾನು ಜಾಣತನ ಮಾಡಿದೆನೆಂದು ಬೀಗಿದೆ, ಮಾಸ್ತರರೇ. ಮಗಳನ್ನು ಕೇಳಬೇಕಾದ ತಾಯಿಯನ್ನೇ ಮಾಯಮಾಡಿದ್ದೆ.

ಹೋದ ವಾರ ಡೇರೆಗೆ ಕೊಡೆ ಹಿಡಿದ ಒಬ್ಬ ಹೆಂಗಸು ಬಂದರು. ಸುಂದರಾಬಾಯಿ ಎಂದು ಹೆಸರು, ಬಳ್ಳಾರಿಯಲ್ಲಿ ಮಾಸ್ತರಿಣಿಯಾಗಿದ್ದು ನಿವೃತ್ತರಾದವರು. ಮಕ್ಕಳನ್ನು ಕಳೆದುಕೊಂಡ ಮನೆಗಳಿಗೆ ಹೋಗಿ, ಅರ್ಜಿ ಬರೆದುಕೊಟ್ಟು, ವಿಚಾರಣೆಗೆ ಜೊತೆಗೆ ಬರುತ್ತಾರಂತೆ. ಹುಡುಗಿಯೊಬ್ಬಳು ಕಾಣೆಯಾದ ಸುದ್ದಿ ರೈಲಿನಲ್ಲಿ ಕಿವಿಗೆ ಬಿತ್ತಂತೆ. ಕಳಿಸಿದವರು ಯಾರು ಎಂದೆ. ಯಾರೂ ಕಳಿಸಿಲ್ಲ ಎಂದರು. ನಮ್ಮ ನಾಟಕಗಳಲ್ಲಿ ಕರೆಯದೆ ಬಂದು ಸಹಾಯಕ್ಕೆ ನಿಲ್ಲುವ ಮುದುಕಿ ಯಾರಾಗಿರುತ್ತಾಳೆ, ನೀವೇ ಹೇಳಿ. ಶತ್ರುವಿನ ಗೂಢಚಾರಿಣಿಯಲ್ಲವೇ?

“ಹುಡುಗಿ ಎಲ್ಲಿ ಮಲಗ್ತಿದ್ಲು?”

“ಅಂತಃಪುರದಲ್ಲಿ” ಎಂದೆ, ಎದೆ ಸೆಟೆಸಿ.

“ಅಂದ್ರ ಆ ಹರಕು ಪರದೆ ಹಿಂದ.” ಬರೆದುಕೊಂಡರು. “ತಾಯಿ ಎಲ್ಲಿ?”

“ಕಾಶಿಗೆ ಹೋಗ್ಯಾಳ್ರಿ.”

“ಕಾಶಿ ಭಾಳ ದೂರ ಆತಲ್ಲ. ಸಂಡೂರು ಆಗಿದ್ರ ನಾಳೇನ ಬರಬಹುದಿತ್ತು.”

ಯಾರು ಹೇಳಿದರು ಎಂದೆ.

“ನೀವ ಹೇಳಿದ್ರಂತ. ಅಡಿಗಿ ಅಜ್ಜಗ, ಗುಟ್ಟು ಯಾರಿಗೂ ಹೇಳಬ್ಯಾಡ ಅಂತ. ಸ್ಟೇಷನ್ನಿನ ತನಕ ಕೇಳಿಸ್ತಂತ ನಿಮ್ಮ ಗುಟ್ಟು.”

ನನ್ನ ಕಂಠವನ್ನು ಹೊಗಳುತ್ತಿದ್ದಿರಲ್ಲ ಮಾಸ್ತರರೇ, ಅದು ಮಾಡಿದ ಕೆಲಸ ನೋಡಿ. ಅವರು ಹೋದ ಮೇಲೆ ಕೊಡೆ ಯಾವ ದಾರಿ ಹಿಡಿಯಿತೆಂದು ಹಿಂದಿನಿಂದ ಹೋಗಿ ನೋಡಿದೆ. ಠಾಣೆಗೆ ಹೋಗಲಿಲ್ಲ. ಅದರಿಂದ ಅನುಮಾನ ಇನ್ನೂ ಬಲಿಯಿತು.

ಮೊನ್ನೆ ಅವರು ಮತ್ತೆ ಬಂದಾಗ ನಾನು ಕಿರೀಟಕ್ಕೆ ಬೇಗಡೆ ಅಂಟಿಸುತ್ತಿದ್ದೆ. ನಿಂತುಕೊಂಡೇ ಹೇಳಿದರು: “ಬಳ್ಳಾರಿಯ ಮಕ್ಕಳ ಮನಿಗೆ ಹೋಗಿದ್ದೆ. ತುಂಗಮ್ಮ ಅಂಬಾಕಿ ಅಲ್ಲಿಲ್ಲ.”

“ನನಗೆ ಗೊತ್ತಿತ್ತು” ಎಂದೆ.

“ಪೂರ್ತಿ ಕೇಳ್ರಿ. ಎಂಟು ವರ್ಷದ ಅನಾಥ ಹುಡುಗಿ ಒಂದದ. ನೀವು ಹೇಳಿದಂಗನ ಎಡಹುಬ್ಬಿನ ಮ್ಯಾಲ ಗಾಯದ ಕಲೆ. ಅಪ್ಪನ್ನ ವೈರಿಗಳು ಕೊಂದ್ರಂತ, ಅವ್ವ ಬೆಂಕಿ ಹಾರಿದ್ಲಂತ, ಕಾಡಿನಾಗ ಬೆಳೆದಾಳಂತ. ಕನ್ನಡ ಬಾರದ ಅಧಿಕಾರಿ, ಪೊಲೀಸ ಹೇಳಿದಂಗ ಬರಕೊಂಡಾರ. ಹೆಸರು ರತ್ನಮಾಲೆ ಅಂತ. ಎರಡು ತಿಂಗಳಿಂದ ಬ್ಯಾರೆ ಹೆಸರು ಹೇಳವಲ್ಲಳು.”

ಕಿರೀಟ ಕೈಯಿಂದ ಜಾರಿತು. ಎರಡು ತಿಂಗಳು ಊರನ್ನೆಲ್ಲ ಶಂಕಿಸಿದವನು ನನ್ನ ಈ ಎರಡು ಕೈಗಳನ್ನು ಮಾತ್ರ ಬಿಟ್ಟಿದ್ದೆ. ಬಣ್ಣದ ನೇಮವನ್ನು ಅವರಿಗೆ ಹೇಳಿದೆ. ಜೀವನದಲ್ಲಿ ಮೊದಲ ಸಲ ನನ್ನ ದನಿ ಮುಂದಿನ ಸಾಲಿಗೂ ಕೇಳದಷ್ಟು ಸಣ್ಣದಾಗಿತ್ತು.

“ಬಂದ ದಿನಾನ ಸಾಬೂನು ಹಚ್ಚಿ ಮುಖಾ ತೊಳೆದಾರಲ್ರಿ” ಎಂದರು.

“ತೊಳೆದದ್ದು ಅವರು. ಹಚ್ಚಿದ್ದು ನಾನು.”

ಅವರು ಅದನ್ನೂ ಬರೆದುಕೊಂಡು, “ಹಂಗಾದ್ರ ವಿಚಾರಣೆಗೆ ನೀವ ಬರಬೇಕು. ತಾಯೀನ್ನ ಕರೆಸ್ರಿ” ಎಂದರು.

ನಿನ್ನೆ ಗಂಗವ್ವ ಸಂಡೂರಿನಿಂದ ಬಂದಿಳಿದಳು. ನಡೆದದ್ದನ್ನೆಲ್ಲ ಕೇಳಿ ನನ್ನ ಕಡೆ ನೋಡಲಿಲ್ಲ. “ನನ್ನ ಕೂಸು ನಾನು ಸತ್ತೀನಿ ಅಂತ ಹೇಳಿಕೋಂತ ಕುಂತದೋ ಯಣ್ಣ” ಎಂದಳು, ಅಷ್ಟೇ. ನೀವಿದ್ದಿದ್ದರೆ ಏನು ಹೇಳುತ್ತಿದ್ದಿರಿ? ನೇಮ ಮುರಿಯದ ಶಿಷ್ಯೆ ಎಂದು ಹಿಗ್ಗುತ್ತಿದ್ದಿರೋ, ಅಥವಾ...

ಇವತ್ತು ಬೆಳಿಗ್ಗೆ ಸುಂದರಾಬಾಯಿ ನಮ್ಮಿಬ್ಬರನ್ನೂ ಚಾಪೆಯ ಮೇಲೆ ಕೂಡಿಸಿ ತಾಲೀಮು ಮಾಡಿಸಿದರು. ನನ್ನ ಕಡೆ ಬೆರಳು ತೋರಿಸಿ, “ಅಲ್ಲಿ ನಾಟಕ ಬ್ಯಾಡ. ಕೇಳಿದ್ದಕ್ಕಷ್ಟ ಉತ್ರ” ಎಂದರು. ನಿಮಗೇಕಮ್ಮ ಈ ಉಸಾಬರಿ ಎಂದು ಕೊನೆಗೂ ಕೇಳಿಬಿಟ್ಟೆ.

“ಅಲ್ಲಿ ತಾಯಂದಿರು ಕನ್ನಡದಾಗ ಅಳ್ತಾರ, ಅವರು ಇಂಗ್ಲಿಷಿನಾಗ ಬರಕೋತಾರ. ನಡುವ ಒಬ್ಬರು ನಿಂದ್ರಬೇಕಲ್ರಿ.”

ಮಾತು ಯಾರೋ ಬರೆದುಕೊಟ್ಟ ಹಾಗೆ ಚೆನ್ನಾಗಿತ್ತು. ಅದಕ್ಕೇ ನನಗೆ ಈಗಲೂ ಪೂರಾ ನಂಬಿಕೆ ಬಂದಿಲ್ಲ. ಆದರೂ ರೈಲಿನಲ್ಲಿ ಅವರ ಪಕ್ಕದಲ್ಲೇ ಕೂರುತ್ತೇನೆ. ಎದುರು ಕೂತು ಪರೀಕ್ಷೆ ಮಾಡುವುದಿಲ್ಲ.

ನಿಮಗೆ ತಿಳಿಸದೆ ಮಾಡಬಾರದೆಂದು ಒಂದು ಸುದ್ದಿ: ಇನ್ನು ಮೇಲೆ ನಮ್ಮ ಕಂಪನಿಯ ಮಕ್ಕಳು ಬಣ್ಣವಿದ್ದರೂ ಇಲ್ಲದಿದ್ದರೂ ಕೇಳಿದವರಿಗೆ ಸ್ವಂತ ಹೆಸರು ಹೇಳುತ್ತಾರೆ. ನಿಮ್ಮ ನೇಮವನ್ನು ನಾನೇ ಮುರಿದೆ. ಮುನಿಯಬೇಡಿ.

ಆದರೆ ಕೊನೆಯ ಸಲ ಅದನ್ನು ನಡೆಸಲೇಬೇಕು. ನಾಳೆ ಬೆಳಿಗ್ಗೆ ಗಂಗವ್ವನನ್ನು ಕರೆದುಕೊಂಡು ಮೊದಲ ರೈಲಿಗೆ ಬಳ್ಳಾರಿಗೆ ಹೋಗುತ್ತೇನೆ. ಚೀಲದಲ್ಲಿ ಕೊಬ್ಬರಿ ಎಣ್ಣೆ, ನಿಮ್ಮ ಧೋತರದ ತುಂಡು, ಮೂಲೆ ಒಡೆದ ನಿಮ್ಮ ಕನ್ನಡಿ ಇಟ್ಟಿದ್ದೇನೆ. ವಿಚಾರಣೆಗೆ ಕೂತವರೆಲ್ಲರ ಎದುರು, ಬಣ್ಣವಿಲ್ಲದ ಆ ಮುಖಕ್ಕೆ ಎಣ್ಣೆ ಸವರುತ್ತೇನೆ. ಹಣೆಯಿಂದ ಗದ್ದದವರೆಗೆ ಒರೆಸುತ್ತೇನೆ. ಆಮೇಲೆ ಕನ್ನಡಿ ಹಿಡಿದು, ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ, “ಯಾರವ್ವ ನೀನು?” ಎನ್ನುತ್ತೇನೆ.