ಮಾರೆಮ್ಮ ನಕ್ಕ ದೃಶ್ಯ

೧೬-೮-೧೯೯೮, ಭಾನುವಾರ

ಆ ನಗು ಇನ್ನೂ ಕಿವಿಯಲ್ಲಿದೆ. ಅದಕ್ಕಿಂತ ಹೆಚ್ಚಾಗಿ, ನಾನು ಗದರಿದ್ದು.

ಗುಲಾಮರ ಸಿನಿಮಾ ತೋರಿಸುವುದೇ ಬೇಡವೆಂದು ನಮ್ಮ ಚಿತ್ರ ಸಂಘದಲ್ಲಿ ವಾರವಿಡೀ ಜಗಳ. "ಅಮೆರಿಕದೋರ ಪಾಪ ನಮಗ್ಯಾಕ್ರಿ?" ಎಂದಿದ್ದ ಅಧ್ಯಕ್ಷ ಹಾಲೇಶಪ್ಪನವರೇ ಇವತ್ತು ಎಲ್ಲರಿಗಿಂತ ಹೆಚ್ಚು ಅತ್ತರು. ತೆರೆಯ ಮೇಲೆ ಒಡತಿಯೊಬ್ಬಳು ಮೈಲಿಗೆಯಾದೀತೆಂಬಂತೆ ಎತ್ತರದಿಂದ ನೀರು ಹೊಯ್ಯುತ್ತಾಳೆ, ಗುಲಾಮ ಬಗ್ಗಿ ಬೊಗಸೆಯಲ್ಲಿ ಕುಡಿಯುತ್ತಾನೆ. ವಿದ್ಯಾನಗರದ ಹಾಲ್ ತುಂಬ ಮೂಗೊರೆಸುವ ಸದ್ದು. ಆಗಲೇ, ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕಸ ಗುಡಿಸುವ ಮಾರೆಮ್ಮ ಕಿಸಕ್ಕನೆ ನಕ್ಕಳು. ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲರೆದುರೇ ಗದರಿಬಿಟ್ಟೆ.

ಜನ ಹೋದ ಮೇಲೆ, ಕುರ್ಚಿ ಜೋಡಿಸುತ್ತಿದ್ದವಳನ್ನು ಕೇಳಿದೆ, ನಗು ಯಾಕೆ ಬಂತೆಂದು.

"ಅವನಿಗೆ ಕುಡಿಯಾಕೇ ಬರಲ್ಲರಿ, ಮೇಡಂ. ನೀರೆಲ್ಲ ಮೊಣಕೈಗೆ ಇಳಿದು ಹೋತು. ಬೊಗಸಿ ಬಾಯಿಗೆ ಒತ್ತಿ ಹಿಡೀಬೇಕ್ರಿ, ಹಿಂಗೆ." ಖಾಲಿ ಕೈ ಜೋಡಿಸಿ ತೋರಿಸಿದಳು. "ನಂಗೆ ನಮ್ಮವ್ವ ಕಲಿಸಿದ್ಲು. ಅವನಿಗೆ ಯಾರೂ ಕಲಿಸಿಲ್ಲ ಅಂತ ಕಾಣ್ತೈತೆ, ಪಾಪ."

ತಪ್ಪಾಯಿತು ಅನ್ನಬೇಕಿತ್ತು. "ಲೈಟ್ ಆರಿಸಿ ಹೋಗು" ಎಂದು ಬಂದೆ.

ಹರಿಹರದ ತವರುಮನೆಯ ಹಿತ್ತಲು ಕಣ್ಣಮುಂದೆ ಬರುತ್ತಿದೆ. ಹತ್ತು ವರ್ಷದವಳಿದ್ದಾಗ ಅವ್ವ ನನ್ನ ಕೈಗೂ ಚೊಂಬು ಕೊಟ್ಟು, ಎಷ್ಟು ಎತ್ತರ ಹಿಡಿಯಬೇಕೆಂದು ಕಲಿಸಿದ್ದಳು. ನಾನೂ ಎಷ್ಟೋ ಜನರ ಬೊಗಸೆಗೆ ಹೊಯ್ದಿದ್ದೇನೆ.

ಒಂದು ಹನಿ ಚೆಲ್ಲಿದ ನೆನಪಿಲ್ಲ.